ಹಾಲಿನವನ ಬೆನ್ನಿನ ನೀರು

ಕೊಪ್ಪಳದ ದವಾಖಾನೆಗೆ ಬರುವವರಿಗೆಲ್ಲ ಕಾಯಿಲೆ ಒಂದಿದ್ದರೆ ಗುಮಾನಿ ಹತ್ತು. ನಿಜಾಮರ ಕಾಲದಲ್ಲಿ ನಾನಲ್ಲಿ ಕಂಪೌಂಡರ್. ಔಷಧಿ ಕೊಟ್ಟರೆ, "ಮೊದಲ ನೀವು ಕುಡದು ತೋರಸ್ರಿ" ಅನ್ನುತ್ತಿದ್ದರು. ನಾನೇನು ಕಡಿಮೆ? ಬೆರಳದ್ದಿ ನೋಡದೆ ಒಂದು ದಿನವೂ ಹಾಲು ಹಾಕಿಸಿಕೊಂಡವನಲ್ಲ. ಹಾಲಿನವನೂ ದಿನಾ ತನ್ನ ಎಮ್ಮೆಯ ಮೇಲೆ ಆಣೆ ಇಟ್ಟು, "ಹನಿ ನೀರು ಹಾಕಿಲ್ರಿ" ಅನ್ನುತ್ತಿದ್ದ.

ಒಂದು ದಿನ ಆ ಎಮ್ಮೆ ಸತ್ತಿತು. ಸುಳ್ಳು ಆಣೆಗೇ ಸತ್ತಿತು ಅಂತ ಊರೆಲ್ಲ ಆಡಿಕೊಂಡಿತು. ಅಂದಿನಿಂದ ಆತ ಮಾತು ಬಿಟ್ಟ, ಊಟ ಬಿಟ್ಟ, ಗೋಡೆ ನೋಡುತ್ತ ಕೂತ. ಹೆಂಡತಿ ಬಾಯಿಗೆ ಗಂಜಿ ಹನಿಸಿ ಜೀವ ಉಳಿಸಿಕೊಂಡು, ಕೊನೆಗೆ ನಮ್ಮ ದವಾಖಾನೆಗೆ ಕರೆತಂದಳು.

ಹತ್ತಿ ಮಿಷನ್ನು

ಹೈದರಾಬಾದಿನಿಂದ ಬಂದ ಡಾಕ್ಟರ್ ಸಾಹೇಬರು ತಲೆಗೆ ಕರೆಂಟ್ ಕೊಡುವ ಪೆಟ್ಟಿಗೆ ತಂದರು. ಕರೆಂಟ್ ಎಲ್ಲಿಂದ ಬರಬೇಕು? ಪಕ್ಕದ ಹತ್ತಿ ಕಾರ್ಖಾನೆಯ ಎಂಜಿನ್ನಿನಿಂದ ತಂತಿ ಎಳೆಸಿದರು. ಹಾಲಿನವನ ಹೆಂಡತಿ ತಂತಿಯ ಗುಂಟ ಹೋಗಿ ನೋಡಿ ಬಂದಳು.

"ಅದು ಹತ್ತಿ ಬ್ಯಾರೆ, ಕಾಳು ಬ್ಯಾರೆ ಮಾಡೋ ಮಿಷನ್ರಿ! ಇವರ ತೆಲಿಯೊಳಗ ಹೊಕ್ಕು ಏನೇನು ಬ್ಯಾರೆ ಮಾಡ್ತೈತೋ!"

ವಾಪಸ್ ಹಾಕ್ರಿ

ಕರೆಂಟಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಬೆನ್ನುಹುರಿಯ ನೀರು ತೆಗೆದು, ಏನಾದರೂ ಬದಲಾಗಿದೆಯೇ ಎಂದು ನೋಡುವ ಹುಚ್ಚು ಸಾಹೇಬರಿಗೆ.

"ರೋಗ ತೆಲಿಗೆ ಐತಿ, ಸೂಜಿ ಬೆನ್ನಿಗ್ಯಾಕ್ರಿ?" ಎಂದಳು ಹೆಂಡತಿ.

"ಎರಡಕ್ಕೂ ಒಂದs ನೀರವ್ವಾ," ಎಂದೆ.

ತೆಗೆದ ನೀರಿನ ಸೀಸೆಯನ್ನು ದಿಟ್ಟಿಸಿ ನೋಡಿದಳು. "ನೋಡಿದ ಮ್ಯಾಲೆ ವಾಪಸ್ ಹಾಕ್ರಿ. ಹಾಕುವಾಗ ಬ್ಯಾರೆ ನೀರು ಬೆರಸಬ್ಯಾಡ್ರಿ ಮತ್ತ. ನಾವು ಹಾಲಿನವರು, ನಮಗ ಎಲ್ಲಾ ಗೊತ್ತೈತಿ!"

ಪೂರಾ ಆರಾಮ

ಕೆಲವು ಸಲ ಕರೆಂಟ್ ಕೊಟ್ಟ ಮೇಲೆ ಹಾಲಿನವ ಗಂಜಿಯನ್ನು ತಾನೇ ಕುಡಿಯತೊಡಗಿದ. ಮಾತು ಮಾತ್ರ ಇಲ್ಲ.

"ಇವತ್ತೂ ಮಾತಾಡಲಿಲ್ಲಂದ್ರ ಬೇವೂರಿಗೆ, ನನ್ನ ತವರಿಗೆ ಕರ್ಕೊಂಡು ಹೋಗ್ತೀನ್ರಿ," ಎಂದು ಆಕೆ ಕಣ್ಣೊರೆಸಿಕೊಂಡಳು.

ಸಾಹೇಬರು ಆತನನ್ನು ಮಗ್ಗುಲಿಗೆ ಮಲಗಿಸಿ ಮತ್ತೆ ನೀರು ತೆಗೆದರು. ಸೀಸೆಯನ್ನು ಕಿಟಕಿಗೆ ಹಿಡಿದು ನೋಡಿದರೆ ಮೊದಲಿನಂತೆಯೇ ತಿಳಿ, ಏನೇನೂ ಬದಲಾಗಿಲ್ಲ. ಬೇಸರದಿಂದ, "ನೀರು! ಬಿಲ್ಕುಲ್ ನೀರು!" ಎಂದರು.

ಹಾಲಿನವ ಗಕ್ಕನೆ ಇತ್ತ ಹೊರಳಿದ. "ಹನಿ ನೀರು ಹಾಕಿಲ್ರಿ ಸಾಹೇಬ್ರ! ನಮ್ಮೆಮ್ಮಿ ಆಣಿಗೂ!"

ಹೆಂಡತಿ ಅಳುತ್ತ ನಗುತ್ತ ನನ್ನ ಕಡೆ ಓಡಿ ಬಂದಳು.

"ಕೇಳಿದ್ರೇನ್ರಿ ಕಂಪೌಂಡರ್ ಸಾಹೇಬ್ರ? ಸುಳ್ಳು ಹೇಳಾಕತ್ಯಾರ! ಪೂರಾ ಆರಾಮ ಆಗ್ಯಾರ್ರಿ!"