ಡಂಕನ್ನರ ಮನೆಯ ಮದುವೆಗೆ ಉಟ್ಟ ಕಿಲ್ಟು

ಪ್ರೀತಿಯಿಂದ ಯಾರು ಏನು ಕೇಳಿದರೂ, ಅವರು ಮಾತು ಮುಗಿಸುವುದರೊಳಗೆ ‘ಅದಕ್ಕೇನಂತೆ’ ಎಂದುಬಿಡುವ ಸ್ವಭಾವ ನನ್ನದು. ಇದರಿಂದ ಮನೆಯವರಿಗೆ ಆಗಿರುವ ತೊಂದರೆ ಒಂದೆರಡಲ್ಲ. ಹೀಗೆಯೇ ಒಂದು ಯುಗಾದಿಗೆ ಇಡೀ ಕನ್ನಡ ಬಳಗಕ್ಕೆ ಹೋಳಿಗೆ ಒದಗಿಸುತ್ತೇನೆಂದು ಒಪ್ಪಿಕೊಂಡು ಬಂದು, ಆ ವರ್ಷ ಹೆಂಡತಿಯಿಂದ ಬೆಲ್ಲವಿಲ್ಲದ ಬೇವನ್ನಷ್ಟೇ ಪಡೆದೆ. ಇನ್ನೊಮ್ಮೆ ಊರಿಗೆ ಹೊರಟ ಸ್ನೇಹಿತರ ತುಳಸಿ ಗಿಡವನ್ನು ಮಿಶಿಗನ್ನಿನ ಚಳಿಗಾಲವಿಡೀ ಕಾಪಾಡುತ್ತೇನೆಂದು ಮಾತು ಕೊಟ್ಟು, ಅದನ್ನು ಕಾರಿನ ಮುಂದಿನ ಸೀಟಿನಲ್ಲಿ ಹೀಟರಿನೆದುರು ಕೂರಿಸಿ, ಹೆಂಡತಿಯನ್ನು ಹಿಂದಿನ ಸೀಟಿಗೆ ಕಳಿಸಿದ್ದೆ. ತುಳಸಿ ಉಳಿಯಿತು. ಹೆಂಡತಿ ಕೆಲವು ದಿನ ಮಾತಾಡಲಿಲ್ಲ.

ಆದರೆ ‘ಅದಕ್ಕೇನಂತೆ’ ಎಂದು ಲಂಗ ಉಡಲು ಒಪ್ಪಿಕೊಂಡದ್ದು ಮಾತ್ರ ಒಂದೇ ಸಲ. ಲಂಗ ಎಂದದ್ದಕ್ಕೆ ಕ್ಷಮೆಯಿರಲಿ. ಅದನ್ನು ಹಾಗೆ ಕರೆಯಬಾರದೆಂಬುದೇ ನಾನು ಕಲಿತ ಮೊದಲ ಪಾಠ. ಅದು ಕಿಲ್ಟು, ಸ್ಕಾಟ್ಲೆಂಡಿನ ಗಂಡಸರು ಮದುವೆಯಂಥ ಶುಭಕಾರ್ಯಗಳಿಗೆ ಉಡುವ ಉಣ್ಣೆಯ ಉಡುಪು.

ಎಪ್ಪತ್ತರ ದಶಕದ ನಡುವಿನ ಮಾತು. ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡಿನ ಒಂದು ಆಫೀಸಿನಲ್ಲಿ ನಾನು ಕಾರಿನ ಬಾಗಿಲುಗಳ ನಕ್ಷೆ ಬರೆಯುತ್ತಿದ್ದೆ. ಬರೆದದ್ದನ್ನು ತಿದ್ದುತ್ತಿದ್ದವರು ಡಂಕನ್. ನನಗಿಂತ ಹದಿನೈದು ವರ್ಷ ಹಿರಿಯರು, ಸ್ಕಾಟ್ಲೆಂಡಿನಿಂದ ಬಂದವರು. ಅಲ್ಲಿ ಎಲ್ಲರೂ ಅವರನ್ನು ಬರೀ ಡಂಕನ್ ಎನ್ನುತ್ತಿದ್ದರು, ನನ್ನ ನಾಲಿಗೆ ಮಾತ್ರ ‘ಡಂಕನ್ ಸರ್’ ಎನ್ನದೆ ಹೊರಳುತ್ತಿರಲಿಲ್ಲ. ಹಿಮದಲ್ಲಿ ಡ್ರೈವ್ ಮಾಡಲು ನನಗೆ ಕಲಿಸಿದವರು ಅವರು. ನಮ್ಮ ಮಗಳು ವೀಣಾ ಹುಟ್ಟಿದಾಗ ಆಸ್ಪತ್ರೆಗೆ ಸೂಪು ತಂದುಕೊಟ್ಟವರು ಅವರ ಹೆಂಡತಿ ಮಾರ್ಗರೆಟ್. ಅದರಲ್ಲಿ ಮಾಂಸವಿರಬಾರದೆಂದು ನೆನಪಿಟ್ಟುಕೊಂಡು ಬರೀ ತರಕಾರಿಯಲ್ಲಿ ಮಾಡಿದ್ದರು. ಆಕೆ ತೀರಿಕೊಂಡು ಎರಡು ವರ್ಷವಾಗಿತ್ತು.

ಒಂದು ಮಧ್ಯಾಹ್ನ ನಾನು ಡಬ್ಬಿಯ ಚಿತ್ರಾನ್ನ ತಿನ್ನುತ್ತಿರುವಾಗ ಅವರು ಬಂದು ಎದುರಿಗೆ ಕೂತರು. ಅಕ್ಟೋಬರಿನಲ್ಲಿ ಅವರ ಮಗಳ ಮದುವೆ. ಅಣ್ಣತಮ್ಮಂದಿರೆಲ್ಲ ಸಮುದ್ರದಾಚೆ, ಯಾರೂ ಬರುವಂತಿಲ್ಲ. ಚರ್ಚಿನಲ್ಲಿ ಹೆಣ್ಣಿನ ಕಡೆಯ ಮೊದಲ ಸಾಲು ಬರಿದಾಗಿರುತ್ತದೆ, ನೀನು ನನ್ನ ತಮ್ಮನ ಜಾಗದಲ್ಲಿ ನಿಲ್ಲುತ್ತೀಯಾ ಎಂದು ಕೇಳಿದರು. ನಾನು ಎಂದಿನಂತೆ ಒಪ್ಪಿಕೊಂಡೆ. ಆಮೇಲೆ ಅವರು, “ಕಿಲ್ಟಿನಲ್ಲಿ,” ಎಂದರು.

ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ ಸುಶೀಲ ನಗಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. “ತಮ್ಮ ಅಂತ ಕರ್ದಿದಾರೆ ಕಣ್ರೀ. ಅಲ್ಲಿ ನೀವು ಏನಾದ್ರೂ ಎಡವಟ್ಟು ಮಾಡಿದ್ರೆ ಜನ ನಗೋದು ನಿಮ್ಮನ್ನ ನೋಡಿ ಅಲ್ಲ, ಅವರನ್ನ ನೋಡಿ,” ಎಂದಳು. ವೀಣಾ ಮಾತ್ರ, “ಅಪ್ಪಾ, ಪ್ಲೀಸ್, ನನ್ ಸ್ಕೂಲ್ ಫ್ರೆಂಡ್ಸ್ ಯಾರೂ ಬರಲ್ಲ ತಾನೆ?” ಎಂಬ ಅರ್ಥದ್ದೇನನ್ನೋ ಇಂಗ್ಲಿಷಿನಲ್ಲಿ ಕೇಳಿ ಖಚಿತಪಡಿಸಿಕೊಂಡಳು.

ಹೊಸ ಕಿಲ್ಟು ಹೊಲಿಸುವ ಆಸೆ ಬೆಲೆ ಕೇಳಿದ ಕೂಡಲೇ ಬಿಟ್ಟುಹೋಯಿತು. ಎಂಟು ಗಜ ಉಣ್ಣೆ ಹಿಡಿಯುತ್ತದಂತೆ. “ನಮ್ಮಜ್ಜಿ ಸೀರೆಗಿಂತ ಒಂದು ಗಜ ಕಮ್ಮಿ, ಅಷ್ಟೆ,” ಎಂದಳು ಸುಶೀಲ. ಇನ್ನೊಂದು ತೊಡಕೂ ಇತ್ತು. ಆ ಬಟ್ಟೆಯ ಚೌಕಳಿ ಒಂದೊಂದು ಮನೆತನಕ್ಕೆ ಒಂದೊಂದು ಎಂದು ಓದಿದೆ. ಅಂದರೆ ನಮ್ಮ ಗೋತ್ರದ ಹಾಗೆ. ಯಾರದೋ ಗೋತ್ರ ಹೇಳಿಕೊಂಡು ಮದುವೆಯಲ್ಲಿ ನಿಲ್ಲುವುದು ಹೇಗೆ? ಎರಡು ದಿನ ಒದ್ದಾಡಿ ಡಂಕನ್ನರನ್ನೇ ಕೇಳಿದೆ. ಯಾರು ಬೇಕಾದರೂ ಉಡಬಹುದಾದ ಚೌಕಳಿಗಳೂ ಇವೆ, ಕಡುನೀಲಿ ಹಸಿರಿನದೊಂದನ್ನು ಹುಡುಕು ಎಂದರು. ಮರ್ಯಾದೆಯಾಗಿ ಉಡುವುದು ಹೇಗೆ ಎಂದೂ ಕೇಳಿದೆ. ಅವರು ಸ್ವಲ್ಪ ಯೋಚಿಸಿ, “ನಿಮ್ಮ ಮನೆಯ ಮದುವೆಗೆ ನಿಮ್ಮ ಬಟ್ಟೆಯನ್ನು ಹೇಗೆ ಉಡುತ್ತೀಯೋ ಹಾಗೆ,” ಎಂದರು. ಎಂಥ ದೊಡ್ಡ ಮಾತು ಎಂದುಕೊಂಡೆ. ಅದನ್ನು ಅಕ್ಷರಶಃ ಪಾಲಿಸಬಾರದಿತ್ತು.

ಡೆಟ್ರಾಯಿಟ್ ನದಿಯಾಚೆ, ಕೆನಡಾದ ವಿಂಡ್ಸರಿನಲ್ಲಿ, ಒಂದು ವಾದ್ಯತಂಡದವರು ಸಮವಸ್ತ್ರ ಬದಲಿಸುತ್ತಿದ್ದಾರೆ, ಹಳೆಯ ಕಿಲ್ಟುಗಳನ್ನು ಅಗ್ಗಕ್ಕೆ ಕೊಡುತ್ತಿದ್ದಾರೆ ಎಂದು ತಿಳಿಯಿತು. ಶನಿವಾರ ಸಂಸಾರ ಸಮೇತ ಹೋದೆವು. ಸುಶೀಲ ರಾಶಿಯಲ್ಲಿದ್ದ ಒಂದೊಂದನ್ನೂ ಬೆಳಕಿಗೆ ಹಿಡಿದು, ನುಸಿ ತಿಂದಿದೆಯೇ ನೋಡಿ, ಸೀರೆ ಅಂಗಡಿಯಲ್ಲಿ ಮಾಡುವಂತೆಯೇ ಮೊದಲು ನೋಡಿದ್ದಕ್ಕೇ ಮರಳಿ ಬಂದಳು. ಬರುವಾಗ ನದಿಯಡಿಯ ಸುರಂಗದ ಬಾಯಲ್ಲಿ ಕಸ್ಟಮ್ಸಿನವನು ಏನು ಕೊಂಡಿರಿ ಎಂದ. ಕಿಲ್ಟು ಎಂದೆ. ಯಾರಿಗೆ ಎಂದ. ನನಗೆ ಎಂದೆ. ಅವನು ನನ್ನನ್ನೂ, ಪಕ್ಕದಲ್ಲಿ ಸೀರೆಯುಟ್ಟು ಕೂತಿದ್ದ ಸುಶೀಲಳನ್ನೂ ಒಮ್ಮೆ ನೋಡಿದ. ಈ ಮನೆಯಲ್ಲಿ ಪ್ಯಾಂಟು ಹಾಕುವವರು ಯಾರೂ ಇಲ್ಲವೇನೋ ಎಂದುಕೊಂಡಿರಬೇಕು. ಹಿಂದಿನ ಸೀಟಿನಲ್ಲಿ ಬೆಲ್‌ಬಾಟಂ ಪ್ಯಾಂಟು ಹಾಕಿದ್ದ ವೀಣಾಳನ್ನು ಕಂಡ ಮೇಲೆ ಬಿಟ್ಟ.

ಇಲ್ಲಿಂದಾಚೆ ನಡೆದದ್ದು ನಮ್ಮಂಥವರ ಮನೆಯಲ್ಲಿ ಮಾತ್ರ ನಡೆಯುವಂಥದ್ದು. ಯಾರೋ ಉಟ್ಟ ಬಟ್ಟೆ. ಶುಭಕಾರ್ಯಕ್ಕೆ ಹಾಗೇ ಉಡುವುದುಂಟೆ? ನಾನು ಆಫೀಸಿಗೆ ಹೋದಾಗ ಸುಶೀಲ ಅದನ್ನು ಬಾತ್‌ಟಬ್ಬಿನಲ್ಲಿ ನೆನೆಹಾಕಿದಳು. ಮಡಿ ಬಟ್ಟೆಯನ್ನು ಮಷಿನ್ನಿಗೆ ಹಾಕುವವಳಲ್ಲವಾದ್ದರಿಂದ ತಣ್ಣೀರು, ಕೈಯೊಗೆತ. ಬಟ್ಟೆ ಕುಗ್ಗದೆ ಉಳಿದದ್ದು ಹಾಗೆ. ಆದರೆ ಸೊಂಟದ ಬಳಿ ಹೊಲಿದಿದ್ದಷ್ಟು ಬಿಟ್ಟು ಕೆಳಗಿನ ನೆರಿಗೆಗಳೆಲ್ಲ ನೆನೆದ ಹಪ್ಪಳದಂತೆ ಸಡಿಲಗೊಂಡಿದ್ದವು. ನಾನು ತಲೆಯ ಮೇಲೆ ಕೈಹೊತ್ತು ಕೂತೆ.

“ನೆರಿಗೆ ತಾನೇ, ಹದಿಮೂರನೇ ವರ್ಷದಿಂದ ಹಿಡೀತಿದೀನಿ,” ಎಂದಳು. ಊಟದ ಮೇಜಿನ ಮೇಲೆ ಕಂಬಳಿ ಹಾಸಿ, ಚೌಕಳಿಯ ಗೆರೆಗೆ ಗೆರೆ ಕೂಡಿಸಿ, ದಾರದಲ್ಲಿ ಹಿಡಿಹೊಲಿಗೆ ಹಾಕಿ, ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಮಾಡಿದಳು. ಅಷ್ಟು ಸಾಲದೆಂದು ಮೈಸೂರಿನಲ್ಲಿ ನಾನು ಓದುವಾಗ ಪ್ಯಾಂಟಿಗೆ ಮಾಡುತ್ತಿದ್ದ ಉಪಾಯ ಹೇಳಿಕೊಟ್ಟೆ: ಹಾಸಿಗೆಯಡಿ ಇಡುವುದು. ವಾರವಿಡೀ ಮಗ್ಗುಲು ಬದಲಿಸದೆ ಮಲಗಿದೆವು. ನಾನು ಅಲುಗಿದರೆ ಅವಳು ಗದರುವಳು, ಅವಳು ಅಲುಗಿದರೆ ನಾನು ಸುಮ್ಮನಿರುವೆ.

ಮದುವೆಯ ಬೆಳಿಗ್ಗೆ ಸುಶೀಲಳೇ ಉಡಿಸಿದಳು. ಸೀರೆಗೂ ಪಂಚೆಗೂ ನೆರಿಗೆ ಮುಂದೆ. ಅದರಲ್ಲೂ ಇಷ್ಟು ಚೆಂದದ ನೆರಿಗೆಯನ್ನು ಹಿಂದಿಟ್ಟುಕೊಳ್ಳುವ ದಡ್ಡರು ಯಾರಿರುತ್ತಾರೆ? ಮುಂದಕ್ಕೆ ಕಾಣುವಂತೆ ಬಕಲ್ ಬಿಗಿದಳು. ಒಳಗೇನು ಎಂದು ಕೇಳುವವರಿಗಾಗಿ ಹೇಳುತ್ತೇನೆ: ಬೆಂಗಳೂರಿನಿಂದ ತಂದ ಪಟ್ಟೆಪಟ್ಟೆ ಚಡ್ಡಿ, ಅದರ ಮೇಲೆ ಇನ್ನೊಂದು. ಹೊರಗೆ ನಲವತ್ತು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಕೊರೆಯುವ ಚಳಿ ಇತ್ತು.

ಚರ್ಚಿನ ಮೆಟ್ಟಿಲು ಹತ್ತುವಾಗ, ಪಂಚೆ ಉಟ್ಟಾಗಿನ ಅಭ್ಯಾಸದಂತೆ, ನನ್ನ ಕೈ ತಾನಾಗಿ ಅಂಚು ಹಿಡಿದು ಮೇಲೆತ್ತಿತು. ಮೊಣಕಾಲಿನವರೆಗೆ ಮಾತ್ರ ಇರುವ ಬಟ್ಟೆಯನ್ನು ಎತ್ತಿದರೆ ಏನಾಗುತ್ತದೆಂದು ಕೈಗೇನು ಗೊತ್ತು? ವೀಣಾ ಓಡಿಬಂದು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನೋಡಿದವರು ಎಂಥ ಅಕ್ಕರೆಯ ಮಗಳು ಎಂದುಕೊಂಡರು.

ಪಕ್ಕದ ಕೋಣೆಯಲ್ಲಿ ಡಂಕನ್ ಕಾಯುತ್ತಿದ್ದರು. ಕಿಲ್ಟಿನ ಮುಂದೆ ಕಟ್ಟುವ ಚರ್ಮದ ಸಂಚಿಯನ್ನು, ನೋಡಲು ನಮ್ಮ ಎಲೆಯಡಿಕೆ ಸಂಚಿಯಂತಿರುವುದನ್ನು, ತಾವೇ ನನಗೆ ಕಟ್ಟುತ್ತೇನೆಂದಿದ್ದರು. ನನ್ನನ್ನು ಕಂಡು ಕನ್ನಡಕ ಕೆಳಗಿಳಿಸಿ, ನನ್ನ ನಕ್ಷೆಗಳನ್ನು ನೋಡುವಾಗಿನಂತೆ ತಲೆ ವಾಲಿಸಿದರು.

“ಮೂರ್ತಿ, ನಕ್ಷೆಯಲ್ಲಿ ಏನೂ ತಪ್ಪಿಲ್ಲ. ಹಿಂದಿನ ನೋಟ ಮುಂದೆ ಬಂದಿದೆ, ಅಷ್ಟೆ.”

ಬಕಲ್ ಸಡಿಲಿಸಿ ಬಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದರು. ಆಮೇಲೆ ನನ್ನ ಹಿಂದೆ ಹೋಗಿ ನಿಂತು ಬಗ್ಗಿ ನೋಡಿದರು. ಇನ್ನೊಂದು ತಪ್ಪು ಸಿಕ್ಕಿತೆಂದುಕೊಂಡೆ. ಇದನ್ನು ಮಡಿಸಿದವರು ಯಾರು ಎಂದರು. ನನ್ನ ಹೆಂಡತಿ ಎಂದೆ. “ಮಾರ್ಗರೆಟ್ ಹೀಗೇ ಮಾಡುತ್ತಿದ್ದಳು,” ಎಂದರು, “ಗೆರೆಗೆ ಗೆರೆ ಕೂಡಿಸಿ.” ಆಗ ನಾನು ಅವರ ಕಿಲ್ಟನ್ನು ನೋಡಿದೆ. ನೆರಿಗೆಗಳು ಒಂದು ಅಗಲ, ಒಂದು ಸಣ್ಣ, ಒಂದು ಸೊಟ್ಟ. ಒಂಟಿ ಗಂಡಸೊಬ್ಬ ತನಗೆ ತಿಳಿದಂತೆ ಇಸ್ತ್ರಿ ಮಾಡಿಕೊಂಡದ್ದು ಎದ್ದು ಕಾಣುತ್ತಿತ್ತು. ಈಗ ಮಗಳನ್ನು ಕರೆದುಕೊಂಡು ಅವರು ಚರ್ಚಿನ ಸಾಲುಗಳ ನಡುವಿನ ದಾರಿಯಲ್ಲಿ ನಡೆಯಬೇಕು. ನಮ್ಮಲ್ಲಿ ಮಂಟಪದ ಮೇಲೆ ಸಭೆಗೆ ಮುಖ ಮಾಡಿ ಕೂರುತ್ತಾರೆ. ಇಲ್ಲಿ ಇಡೀ ಸಭೆಗೆ ಕಾಣುವುದು ಬೆನ್ನು. ನೆರಿಗೆ ಹಿಂದೇಕೆ ಎಂಬುದು ನನಗೆ ಆಗ ಹೊಳೆಯಿತು.

ಹೋಗಿ ಸುಶೀಲಳನ್ನು ಕರೆತಂದೆ. ಅವಳು ಬಾಗಿಲಲ್ಲೇ ಒಂದು ಗಳಿಗೆ ತಡೆದಳು. ಪರಪುರುಷ, ದೇವರ ಮನೆಯಂಥ ಜಾಗ. ಆಮೇಲೆ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಅವರ ಹಿಂದೆ ನೆಲದ ಮೇಲೆ ಕೂತಳು. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದು, ನೆರಿಗೆಗಳನ್ನು ಒದ್ದೆ ಅಂಗೈಯಲ್ಲಿ ತೀಡಿ, ಒಳಗಿನಿಂದ ಚುಚ್ಚತೊಡಗಿದಳು. ಕೆಲಸದ ಭರದಲ್ಲಿ ಭಾಷೆ ಮರೆತು, “ಸ್ವಲ್ಪ ನೆಟ್ಟಗೆ ನಿಂತ್ಕೊಳ್ಳಿ ಅಣ್ಣ, ಅಲ್ಲಾಡ್ಬೇಡಿ,” ಎಂದಳು. ಡಂಕನ್ ನೆಟ್ಟಗೆ ನಿಂತರು. ಅನುವಾದಿಸಲು ಬಾಯಿ ತೆರೆದ ನನ್ನನ್ನು ಕೈಯೆತ್ತಿ ಸುಮ್ಮನಿರಿಸಿದರು. ಅವರ ಕಣ್ಣು ಒದ್ದೆಯಾಗಿತ್ತು.

ಮಗಳ ಕೈ ಹಿಡಿದು ಅವರು ನಡೆದಾಗ ಹಿಂದಿನಿಂದ ಒಂದು ನೆರಿಗೆಯೂ ತಪ್ಪಲಿಲ್ಲ. ತಪ್ಪಿದವನು ನಾನೇ. ಕೂತರೆ ಸುಶೀಲಳ ಕೆಲಸ ಹಾಳಾದೀತೆಂದು ಮೊದಲ ಸಾಲಿನಲ್ಲಿ ನಿಂತೇ ಇದ್ದೆ. ಹೆಣ್ಣಿನ ಕಡೆಯ ಹಿರಿಯನೇ ನಿಂತಿದ್ದಾನೆಂದರೆ ಇದು ಸ್ಕಾಟ್ಲೆಂಡಿನ ಸಂಪ್ರದಾಯವಿರಬೇಕೆಂದು ಗಂಡಿನ ಕಡೆಯವರೂ ಕೂರಲಿಲ್ಲ. ಪಾದ್ರಿಗಳು ಮೂರು ಸಲ ಕೂರಿ ಎಂದು ಸನ್ನೆ ಮಾಡಿದರು. ನಾನು ಅದನ್ನು ಆಶೀರ್ವಾದವೆಂದು ತಿಳಿದು ತಲೆ ಬಾಗಿಸಿದೆ.

ಆ ದಿನ ಸುಶೀಲ ಹಟ ಹಿಡಿದು ಒಂದು ಫೋಟೋ ತೆಗೆಸಿದಳು. ಅದರಲ್ಲಿ ಡಂಕನ್ ಮತ್ತು ನಾನು ಹೆಗಲಿಗೆ ಹೆಗಲು ಕೊಟ್ಟು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೇವೆ. ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾಳೆ. ಬಂದ ಹೆಂಗಸರೆಲ್ಲ ಹತ್ತಿರ ಹೋಗಿ ನೆರಿಗೆಯನ್ನು ಹೊಗಳುತ್ತಾರೆ. ನನ್ನ ಮುಖವೂ ಇರುವ ಫೋಟೋಗಳು ಒಂದೆರಡು ಇವೆ ಎಂದು ನಾನು ಆಗಾಗ ಹೇಳಿ ನೋಡಿದ್ದೇನೆ. ತನ್ನಿ ನೋಡೋಣ ಎಂದವರು ಇದುವರೆಗೆ ಯಾರೂ ಇಲ್ಲ.