ಎಡಗಡೆ ಎದ್ದು ನಿಂತ ಕಾರು

‘ಸ್ವಂತ ಕಾರು’ ಎಂಬ ಮಾತಿನಲ್ಲಿ ಮೊದಲರ್ಧ ಶುದ್ಧ ಸುಳ್ಳು ಎಂಬುದು ನಮ್ಮ ಸೀಮೆಯಲ್ಲಿ ಕಾರು ಇಟ್ಟುಕೊಂಡವರಿಗೆಲ್ಲ ಗೊತ್ತು. ಕಾರು ನಿಮ್ಮದು, ಪೆಟ್ರೋಲು ನಿಮ್ಮದು, ಪಂಕ್ಚರಾದರೆ ಜಾಕು ಎತ್ತುವ ಕೈಯೂ ನಿಮ್ಮದೇ. ಸೀಟು ಮಾತ್ರ ಊರಿನದು. ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಖಾಲಿ ಸೀಟು ಇಟ್ಟುಕೊಂಡು ಹೋಗುವವನಿಗೆ ದುಡ್ಡಿನ ಮದ ಏರಿದೆ ಎಂದೇ ಜನ ತಿಳಿಯುತ್ತಾರೆ. ಕೈ ಅಡ್ಡ ಹಿಡಿದ ಮುದುಕಿಯೊಬ್ಬಳನ್ನು ನೀವು ಹತ್ತಿಸಿಕೊಳ್ಳದೆ ಬಂದಿರೋ, ಸಂಜೆ ಆ ಸುದ್ದಿ ನಿಮಗಿಂತ ಮೊದಲೇ ಮನೆಯ ಜಗಲಿಯ ಮೇಲೆ ಕೂತಿರುತ್ತದೆ. ತೊಂಬತ್ತರ ದಶಕದ ಆ ವರ್ಷಗಳಲ್ಲಿ ನನ್ನ ಹತ್ತಿರ ಇದ್ದದ್ದು ಒಂದು ಹಳೆಯ ಪುಟ್ಟ ಕಾರು. ಯಾವ ಕಂಪನಿಯದೆಂದು ಹೇಳುವುದಿಲ್ಲ. ನಾನು ಅದಕ್ಕೆ ಮಾಡಿದ್ದನ್ನೆಲ್ಲ ಕೇಳಿದರೆ ಆ ಕಂಪನಿಯವರು ನೊಂದುಕೊಂಡಾರು.

ಆಗ ನಾನು ಶ್ರೀರಂಗಪಟ್ಟಣದ ಗಂಜಾಂನಲ್ಲಿ, ನಿಮಿಷಾಂಬ ದೇವಸ್ಥಾನಕ್ಕೆ ಹೋಗುವ ದಾರಿಯ ಒಂದು ಬಾಡಿಗೆ ಮನೆಯಲ್ಲಿದ್ದೆ. ಪಾಂಡವಪುರದ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ. ಕಬ್ಬಿನ ಹಾಲಿನಲ್ಲಿ ಸಿಹಿ ಎಷ್ಟಿದೆಯೆಂದು ಅಳೆಯುವುದು, ಸಂಜೆ ಮನೆಗೆ ಬಂದು ಒಬ್ಬನೇ ಅನ್ನ ಬೇಯಿಸಿಕೊಳ್ಳುವುದು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಬೇಡಿ. ನಾಗಮಂಗಲದಲ್ಲಿರುವ ನನ್ನಕ್ಕ ವರ್ಷಗಟ್ಟಲೆ ಅದನ್ನೇ ಕೇಳಿ ಕೇಳಿ ಸಾಕಾಗಿ, ಕೊನೆಗೆ ತಾನೇ ಒಂದು ಉತ್ತರ ಹುಡುಕಿಕೊಂಡು ನೆಂಟರಿಗೆಲ್ಲ ಹೇಳಿ ಮುಗಿಸಿದಳು. ಆ ಉತ್ತರ ಏನೆಂದು ನನಗೆ ಮಾತ್ರ ಇದುವರೆಗೂ ಯಾರೂ ತಿಳಿಸಿಲ್ಲ.

ಕಾರಿನ ಎಡಗಡೆ ಸೀಟು ಬೋರಣ್ಣನದು. ಬೋರಣ್ಣ ಎಂದರೆ ಬೋರೇಗೌಡ, ನಮ್ಮ ಕಾರ್ಖಾನೆಯ ಟೈಮ್ ಆಫೀಸಿನ ಗುಮಾಸ್ತ. ನನಗಿಂತ ವಯಸ್ಸಿನಲ್ಲೂ ತೂಕದಲ್ಲೂ ಬಹಳ ದೊಡ್ಡವನು. ಬೆಳಿಗ್ಗೆ ಗಂಜಾಂ ಬಸ್ ಸ್ಟಾಪಿನಲ್ಲಿ ನಿಂತಿರುತ್ತಿದ್ದ. ಕಾರು ಪೂರ್ತಿ ನಿಲ್ಲುವ ಮೊದಲೇ ಬಾಗಿಲು ತೆಗೆದು ಕೂತುಬಿಡುವನು. ಅವನು ಕೂತೊಡನೆ ಕಾರು ನಿಟ್ಟುಸಿರು ಬಿಟ್ಟು ಎಡಕ್ಕೆ ವಾಲುವುದು. ಆಮೇಲೆ ಅವನ ಮೊದಲ ಪ್ರಶ್ನೆ: “ಏನ್ ತಿಂದ್ಯಲಾ ಬೆಳಿಗ್ಗೆ?” ನಾನು “ಉಪ್ಪಿಟ್ಟು” ಎನ್ನುವೆ. “ಥೂ, ಇವತ್ತೂ ಅದೇನಾ!” ಎಂದು ಅವನು ಮುಖ ಸಿಂಡರಿಸಿ, ಅಲ್ಲಿಂದ ಶುರುಮಾಡಿದರೆ ನಾಲೆಗೆ ನೀರು ಬಿಟ್ಟರೋ ಇಲ್ಲವೋ, ಎಮ್ಮೆ ಯಾಕೆ ಹಾಲು ಕಟ್ಟಿತು, ಷಡ್ಡಕನ ಮಗಳ ಮದುವೆಯಲ್ಲಿ ಯಾರು ಯಾರ ಪಕ್ಕ ಕೂರಲಿಲ್ಲ, ಎಲ್ಲವೂ ಕಾರ್ಖಾನೆಯ ಗೇಟಿನ ತನಕ ಬರುತ್ತಿದ್ದವು. ಅವನ ಮಾತಿಗೆ ಅಲ್ಪವಿರಾಮ ಹಾಕುತ್ತಿದ್ದುದು ರಸ್ತೆಯ ಗುಂಡಿಗಳು ಮಾತ್ರ. ಪೂರ್ಣವಿರಾಮ ಹಾಕುವವರು ಯಾರೂ ಇರಲಿಲ್ಲ. ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು ಎಂದು ಆಗ ನಾನು ತಿಳಿದಿದ್ದೆ.

ಹೀಗಿರುವಾಗ ಮೈಸೂರಿನ ಹಳೇ ಪುಸ್ತಕದಂಗಡಿಯಲ್ಲಿ ಒಂದು ವಿದೇಶಿ ಕಾರು ಪತ್ರಿಕೆ ಸಿಕ್ಕಿತು. ಮುಖಪುಟ ಹರಿದಿತ್ತು, ಒಳಗೆ ನನ್ನ ಹಣೆಬರಹ ಇತ್ತು. ಕಾಯಿಲ್‌ಓವರ್ ಎಂಬುದರ ಚಿತ್ರ ಅದು. ಕಾರಿನ ಪ್ರತಿ ಚಕ್ರದ ಹತ್ತಿರ ಒಂದು ಸ್ಪ್ರಿಂಗು, ಒಂದು ಶಾಕ್ ಅಬ್ಸಾರ್ಬರು ಇರುತ್ತವಲ್ಲ, ಇಲ್ಲಿ ಶಾಕ್ ಅಬ್ಸಾರ್ಬರಿನ ಮೈಸುತ್ತ ಸ್ಪ್ರಿಂಗು ಬಳೆ ತೊಟ್ಟ ಹಾಗೆ ಕೂರುತ್ತದೆ. ಸ್ಪ್ರಿಂಗಿನ ಬುಡಕ್ಕೆ ಥ್ರೆಡ್ ಹಾಕಿದ ಒಂದು ಕೊಳವೆ, ಅದರ ಮೇಲೆ ಒಂದು ರಿಂಗು. ರಿಂಗು ತಿರುಗಿಸಿದರೆ ಕಾರಿನ ಆ ಮೂಲೆ ಮೇಲೇಳುತ್ತದೆ, ಇಲ್ಲವೇ ತಗ್ಗುತ್ತದೆ. ಕಾರು ತಗ್ಗಿ ಸ್ಪ್ರಿಂಗು ಗಡುಸಾದಷ್ಟೂ ಅದು ತಿರುವಿನಲ್ಲಿ ವಾಲುವುದಿಲ್ಲವಂತೆ. ವಾರವೆಲ್ಲ ಕೆಲಸಕ್ಕೆ ಹೋದ ಕಾರಿನಲ್ಲೇ ಭಾನುವಾರ ಟ್ರ್ಯಾಕಿಗೆ ಹೋಗಿ ಪಂದ್ಯ ಓಡಬಹುದು ಎಂದು ಬರೆದಿತ್ತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಸ್ಪ್ರಿಂಗಲ್ಲ. ಚಿತ್ರದಲ್ಲಿದ್ದ ಕಾರಿನಲ್ಲಿ ಒಬ್ಬನೇ ಕೂತಿದ್ದ. ಎಡಗಡೆ ಸೀಟನ್ನೇ ಕಿತ್ತು ಬಿಸಾಕಿದ್ದರು. ಯಾರೂ ಹತ್ತಲಾಗದ ಕಾರು! ಆ ಪುಟವನ್ನು ನೋಡುತ್ತಾ ಆ ಭಾನುವಾರ ಅನ್ನ ಸೀಯಿಸಿದೆ.

ಕೆ.ಆರ್. ಪೇಟೆಯಲ್ಲಿ ಇಕ್ಬಾಲ್ ಸಾಹೇಬರ ಲೇತ್ ಶೆಡ್ಡಿತ್ತು. ಆಲೆಮನೆಯ ಗಾಣ, ಟ್ರಾಕ್ಟರಿನ ಟ್ರೈಲರು, ಪಂಪ್‌ಸೆಟ್ಟು, ಇವೇ ಅವರ ಗಿರಾಕಿಗಳು. ಚಿತ್ರ ತೋರಿಸಿದೆ. ಕನ್ನಡಕ ಹಣೆಗೇರಿಸಿ ನೋಡಿದರು.

“ಅರೆ ಶಿವಣ್ಣೋರೆ, ಇದು ಪಂಪ್‌ಸೆಟ್ ಪೈಪಿಗೆ ಥ್ರೆಡ್ ಹಾಕ್ದಂಗೇ ಐತೆ. ನೀರು ಎಲ್ಲಿಂದ ಬರ್ತದೆ?”

“ನೀರು ಬರಲ್ಲ ಸಾಹೇಬ್ರೆ. ಕಾರು ಕೆಳಕ್ಕೆ ಬರ್ತದೆ.”

“ಕೆಳಕ್ಕಾ? ಯಾ ಅಲ್ಲಾ! ಈ ರೋಡಿಗೆ ಎಲ್ಲಾರೂ ಮೇಲಕ್ಕೆ ಎತ್ಸಕ್ಕೆ ಬರ್ತಾರೆ, ನೀವೊಬ್ರೇ ನೋಡಿ ಇಳಿಸಕ್ಕೆ ಬಂದಿರೋದು.”

ಆದರೂ ಕೆಲಸ ಒಪ್ಪಿಕೊಂಡರು. ನಾಗಮಂಗಲದ ಗುಜರಿಯಲ್ಲಿ ಯಾವುದೋ ವ್ಯಾನಿನ ಸ್ಪ್ರಿಂಗುಗಳು ಸಿಕ್ಕವು. ಒಂದರ ಮೇಲೆ ಹತ್ತಿ ನಿಂತು ಕುಣಿದೆ. ಅದು ಒಂದು ಕೂದಲೆಳೆಯಷ್ಟೂ ಜಗ್ಗಲಿಲ್ಲ. ಗುಜರಿಯವನು ಮಾತ್ರ ಸ್ವಲ್ಪ ಹಿಂದೆ ಸರಿದ. ಇಕ್ಬಾಲ್ ಸಾಹೇಬರು ಕೊಳವೆ ಕಡೆದರು, ಥ್ರೆಡ್ ಹಾಕಿದರು, ರಿಂಗು ಮಾಡಿದರು, ಶಾಕ್ ಅಬ್ಸಾರ್ಬರುಗಳನ್ನು ಬಿಚ್ಚಿ ದಪ್ಪ ಎಣ್ಣೆ ತುಂಬಿದರು. ಗಾಣದ ಹಲ್ಲು ಮುರಿದ ರೈತರು ಬಂದಾಗಲೆಲ್ಲ ನನ್ನ ಕೆಲಸ ಹಿಂದೆ ಸರಿಯುತ್ತಿತ್ತು. ಕಬ್ಬು ಅರೆಯುವ ಕಾಲ ಮುಗಿಯುವ ಹೊತ್ತಿಗೆ ನನ್ನ ಕಾಯಿಲ್‌ಓವರ್‌ಗಳು ಸಿದ್ಧವಾದವು.

ಕೂರಿಸುವ ದಿನ ಭಾನುವಾರ. ನಾನು ಕೆ.ಆರ್. ಪೇಟೆಗೆ ಒಬ್ಬನೇ ಹೋಗುತ್ತೇನೆ ಎಂಬುದು ಬೋರಣ್ಣನಿಗೆ ಹೇಗೋ ತಿಳಿಯಿತು. “ಅಷ್ಟು ದೂರ ಒಬ್ನೇ ಓಯ್ತೀಯೇನ್ಲಾ? ಜೊತೆಗೆ ಒಬ್ರು ಬ್ಯಾಡ್ವಾ?” ಎಂದು ಒಂದು ಪೊಟ್ಟಣ ಕಡಲೆಕಾಯಿ ಹಿಡಿದು ಹತ್ತಿಯೇಬಿಟ್ಟ. ಅವನ ಮಾತಿನಿಂದ ತಪ್ಪಿಸಿಕೊಳ್ಳಲೆಂದೇ ಕಟ್ಟಿಸುತ್ತಿದ್ದ ಸಾಮಾನನ್ನು ತರಲು ಅವನನ್ನೇ ಕೂರಿಸಿಕೊಂಡು ಹೋದೆ. ಶೆಡ್ಡಿನ ನೆಲಕ್ಕೆ ಚಿನಕುರಳಿ ಕಡೆಯ ಕಲ್ಲುಚಪ್ಪಡಿ ಹಾಸಿತ್ತು, ಒಳ್ಳೆ ಮಟ್ಟಸ. ರಿಂಗು ಹೊಂದಿಸುವಾಗ ಓಡಿಸುವವನು ತನ್ನ ಸೀಟಿನಲ್ಲಿ ಕೂತಿರಲೇಬೇಕು, ಅವನ ಭಾರಕ್ಕೆ ಸರಿಯಾಗಿ ನಾಲ್ಕೂ ಮೂಲೆಯ ಎತ್ತರ ಕೂರಿಸಬೇಕು ಎಂದು ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿತ್ತು. ಹಾಗೇ ಕೂತೆ. ಇಕ್ಬಾಲ್ ಸಾಹೇಬರು ರಸಮಟ್ಟ ಇಟ್ಟು, ಟೇಪು ಹಿಡಿದು, ಕಾರಿನ ಸುತ್ತ ಅಂಬೆಗಾಲಿಟ್ಟು ರಿಂಗು ತಿರುಗಿಸಿದರು. ಎಡಗಡೆ ತಗ್ಗು ಎಂದರು, ಎತ್ತಿದರು. ಇನ್ನೂ ತಗ್ಗು ಎಂದರು, ಇನ್ನೂ ಎತ್ತಿದರು. ಕೊನೆಗೆ ಮಟ್ಟದ ಗುಳ್ಳೆ ನಡುವೆ ನಿಂತಿತು. “ಬಿಲ್ಕುಲ್ ಸರಿ” ಎಂದು ರಿಂಗುಗಳನ್ನು ಬಿಗಿದರು. ಇಷ್ಟು ಹೊತ್ತೂ ಬೋರಣ್ಣ ಎಡಗಡೆ ಸೀಟಿನಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಾ ಎಮ್ಮೆಯ ಕಥೆ ಹೇಳುತ್ತಿದ್ದ. ನನಗಾಗಲಿ ಸಾಹೇಬರಿಗಾಗಲಿ ಅದು ಕಣ್ಣಿಗೆ ಬೀಳಲೇ ಇಲ್ಲ. ಸ್ಟೇರಿಂಗು, ಗೇರು, ಬೋರಣ್ಣ, ಎಲ್ಲವೂ ಕಾರಿನ ಜೊತೆಗೇ ಬಂದದ್ದು ಎಂಬಂತೆ ಇದ್ದೆವು.

ವಾಪಸು ಬರುವಾಗ ಸ್ಪ್ರಿಂಗುಗಳು ತಮ್ಮ ಗುಣ ತೋರಿಸಿದವು. ರಸ್ತೆಯ ಮೇಲೆ ಯಾರಾದರೂ ಬೆಂಕಿಕಡ್ಡಿ ಬಿಸಾಕಿದ್ದರೂ ಅದು ನಮ್ಮ ಬೆನ್ನುಮೂಳೆಗೆ ತಿಳಿಯುತ್ತಿತ್ತು. ಬೋರಣ್ಣ ಮೊದಲ ಸಲ ವಾಕ್ಯಗಳನ್ನು ಅರ್ಧಕ್ಕೆ ನಿಲ್ಲಿಸಿದ. ಹಂಪು ಬಂದಾಗ ಎರಡು ಕೈಯಲ್ಲೂ ತಲೆ ಹಿಡಿದುಕೊಂಡ. ಗಂಜಾಂನಲ್ಲಿ ಇಳಿದು ಸೊಂಟದ ಮೇಲೆ ಕೈಯಿಟ್ಟು, “ಚೆನ್ನಾಗದೆ ಕಣ್ಲಾ” ಎಂದ. ಅವನು ಒಳ್ಳೆಯ ಮನುಷ್ಯ. ಮಾರನೆಯ ದಿನ ಸ್ಟಾಪಿನಲ್ಲಿ ಕಾರು ನಿಲ್ಲಿಸಿದರೆ ಹತ್ತಲಿಲ್ಲ. ಕಿಟಕಿಗೆ ಬಗ್ಗಿ, “ಬೇಜಾರ್ ಮಾಡ್ಕಬ್ಯಾಡ ಶಿವಾ, ಸ್ವಲ್ಪ ದಿನ ಬಸ್ಸಲ್ಲೋಯ್ತೀನಿ” ಎಂದ. ದಾರಿಯಲ್ಲಿ ಹತ್ತುತ್ತಿದ್ದ ಉಳಿದವರೂ ಒಂದೊಂದು ಸಲ ಕೂತು ನೋಡಿ, ಆಮೇಲೆ ನನ್ನ ಕಾರು ಕಂಡರೆ ಎತ್ತಿದ ಕೈಯಿಂದ ತಲೆ ಕೆರೆದುಕೊಳ್ಳತೊಡಗಿದರು.

ಕೇಳಿದ್ದ ವರ ಸಿಕ್ಕಿತ್ತು. ಮೊದಲ ಎರಡು ದಿನ ಶಿಳ್ಳೆ ಹಾಕುತ್ತಾ ಹೋದೆ. ಆಮೇಲೆ ಶಿಳ್ಳೆ ಕೇಳುವವರಿಲ್ಲ ಎಂದು ಗೊತ್ತಾಯಿತು. ಒಬ್ಬನೇ ಇರುವುದು ನನಗೇನೂ ಹೊಸದಲ್ಲ. ಮನೆಯಲ್ಲಿ ಒಂದೇ ತಟ್ಟೆ, ಒಂದೇ ಲೋಟ. ಆದರೆ ಮನೆಯಲ್ಲಿ ರೇಡಿಯೋ ಇದೆ, ಬಾಗಿಲು ಹಾಕಿಕೊಂಡರೆ ಯಾರೂ ನೋಡುವುದಿಲ್ಲ. ಕಾರಿನಲ್ಲಿ ಪಕ್ಕದ ಸೀಟು ಖಾಲಿ ಇರುವುದು ಇಡೀ ರಸ್ತೆಗೆ ಕಾಣುತ್ತದೆ. ನನ್ನನ್ನು ಬೆಳಿಗ್ಗೆ ಏನು ತಿಂದೆ ಎಂದು ಕೇಳುತ್ತಿದ್ದವನು ಲೋಕದಲ್ಲಿ ಬೋರಣ್ಣ ಒಬ್ಬನೇ ಎಂಬುದು ಆ ವಾರ ನನಗೆ ಹೊಳೆಯಿತು. ಒಂದು ಬೆಳಿಗ್ಗೆ ಉಪ್ಪಿಟ್ಟಿಗೆ ಗೋಡಂಬಿ ಹಾಕಿದೆ. ಹೇಳಿಕೊಳ್ಳಲು ಯಾರೂ ಇರಲಿಲ್ಲ. ನಿಜ ಹೇಳಬೇಕೆಂದರೆ, ಅಳು ಬರುವ ಹಾಗಾಗಿತ್ತು. ಗೋಡಂಬಿಗೆ ಅಳುವುದೇ ಎಂದು ಸುಮ್ಮನಾದೆ.

ನಾನು ಹೆಸರು ಕೊಟ್ಟಿದ್ದ ಕಾರು ಪಂದ್ಯ ನಡೆದದ್ದು ಮೈಸೂರಿನ ಆಚೆ, ವಿಮಾನಗಳು ಮರೆತ ಒಂದು ರನ್‌ವೇಯಲ್ಲಿ. ತಾರಿನ ಡ್ರಮ್ಮುಗಳನ್ನು ಇಟ್ಟು ಟ್ರ್ಯಾಕು ಮಾಡಿದ್ದರು. ಒಂದು ಸಲಕ್ಕೆ ಒಂದೇ ಕಾರು, ಕಾರಿನಲ್ಲಿ ಓಡಿಸುವವನೊಬ್ಬನೇ ಎಂಬುದು ನಿಯಮ. ಇಡೀ ಮಂಡ್ಯ ಜಿಲ್ಲೆಯಲ್ಲಿ ಆ ನಿಯಮಕ್ಕೆ ನನ್ನಷ್ಟು ತಯಾರಾದವನು ಇನ್ನೊಬ್ಬನಿರಲಿಲ್ಲ. ಬಾವುಟ ಬೀಸಿದರು, ಹೊರಟೆ. ಬಲಕ್ಕೆ ತಿರುಗುವಾಗ ಕಾರು ನೆಲಕ್ಕೆ ಅಂಟಿಕೊಂಡು ತಿರುಗಿತು. ಎಂಥ ಸುಖ! ಮುಂದಿನದು ಎಡ ತಿರುವು. ಅಲ್ಲಿ ಕಾರು ಬಲಕ್ಕೆ ಒರಗಿಕೊಂಡು, ನಾನು ಹೇಳಿದ ಕಡೆ ಬಿಟ್ಟು ತನಗೆ ತೋಚಿದ ಕಡೆ ಹೋಗಿ ಡ್ರಮ್ಮಿಗೆ ಗುದ್ದಿತು. ಮುಂದಿನ ಎಡ ತಿರುವಿನಲ್ಲಿ ಇನ್ನೊಂದು ಡ್ರಮ್ಮು. ಕೊನೆಗೆ ಕಾರು ನಿಲ್ಲಿಸಿದಾಗ ಅಲ್ಲಿನ ಮೇಲ್ವಿಚಾರಕರು ದೂರ ನಿಂತು ತಲೆ ವಾಲಿಸಿ ನೋಡಿದರು.

“ಏನ್ರೀ, ನಿಮ್ಮ ಕಾರು ಎಡಗಡೆ ಇಷ್ಟೊಂದು ಎದ್ದು ನಿಂತಿದೆ? ಸ್ಪ್ರಿಂಗು ಕೂರಿಸುವಾಗ ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡಿದ್ರಾ?”

ಇಳಿದು ಬಂದು ನೋಡಿದೆ. ಕಾರು ಎಡಗಡೆ ಹೆಗಲು ಎತ್ತಿಕೊಂಡು, ಬೋರಣ್ಣ ಬಂದು ಕೂರಲಿ ಎಂದು ಕಾಯುತ್ತಿತ್ತು. ಒಬ್ಬನೇ ಓಡಾಡಲೆಂದು ಕಷ್ಟಪಟ್ಟು ಕಟ್ಟಿಸಿದ ಕಾರು ಇಬ್ಬರಿದ್ದರೆ ಮಾತ್ರ ನೆಟ್ಟಗೆ ನಿಲ್ಲುತ್ತಿತ್ತು. ನನಗೆ ನಗು ಬಂತು, ನಕ್ಕೆ. ಪಕ್ಕದಲ್ಲಿ ನಗುವವರಿಲ್ಲದೆ ಅದು ಬೇಗ ನಿಂತುಹೋಯಿತು. ಫಲಿತಾಂಶ ಓದುವಾಗ ಕೊನೆಯವನ ಹೆಸರು ಓದುವ ಪದ್ಧತಿ ಅವರಲ್ಲಿರಲಿಲ್ಲ. ಪುಣ್ಯಾತ್ಮರು.

ಎಡಗಡೆ ರಿಂಗುಗಳನ್ನು ಸ್ವಲ್ಪ ಇಳಿಸಿದ್ದರೆ ಎಲ್ಲ ಸರಿಹೋಗುತ್ತಿತ್ತು. ಅದು ನನಗೆ ಗೊತ್ತಿತ್ತು. ಸ್ಪಾನರು ಹಿಡಿದು ಬಗ್ಗಿದ್ದೂ ಉಂಟು. ಆದರೆ ಅದನ್ನು ಇಳಿಸಿದರೆ ಬೋರಣ್ಣನ ಜಾಗ ಕಾರಿನಿಂದ ಹೋಗಿಬಿಡುತ್ತದೆ ಎನ್ನಿಸಿ ಕೈ ಬರಲಿಲ್ಲ. ಅದರ ಬದಲು ಒಂದು ಗೋಣಿಚೀಲದಲ್ಲಿ ಮರಳು ತುಂಬಿ, ಎಡಗಡೆ ಸೀಟಿನ ಮೇಲೆ ಕೂರಿಸಿ, ಬೀಳದಂತೆ ಬೆಲ್ಟು ಹಾಕಿದೆ. ಕಾರು ನೆಟ್ಟಗಾಯಿತು. ಮಾರನೆಯ ಬೆಳಿಗ್ಗೆ ಬಸ್ ಸ್ಟಾಪಿನ ಹತ್ತಿರ ಬೋರಣ್ಣ ಕೈಯೆತ್ತಿ ನಿಲ್ಲಿಸಿದ. ಹತ್ತಲಿಕ್ಕಲ್ಲ, ನೋಡಲಿಕ್ಕೆ.

“ಅದ್ಯಾರ್ಲಾ ನನ್ ಜಾಗದಲ್ಲಿ ಕುಂತಿರೋದು?”

“ಮರಳು ಮೂಟೆ, ಬೋರಣ್ಣ. ನೀನಿಲ್ದಿದ್ರೆ ಕಾರು ಈ ಕಡೆ ಎದ್ದು ನಿಂತ್ಕತದೆ. ಅವತ್ತು ರಿಂಗು ಕೂರ್ಸುವಾಗ ನೀನು ಕುಂತಿದ್ದೆ ನೋಡು.”

ಬೋರಣ್ಣ ಕಿಟಕಿಯೊಳಗೆ ಕೈ ಹಾಕಿ ಮೂಟೆಯನ್ನು ಅಮುಕಿ ನೋಡಿದ. “ನಾನು ಇಷ್ಟೇನೇನ್ಲಾ? ಇನ್ನೊಂದು ಚೀಲ ಆಕು.”

“ಮೂಟೆ ಇಳಿಸ್ಬುಡ್ತೀನಿ, ಬಂದು ಕುಂತ್ಕೊ ಬೋರಣ್ಣ.”

“ಆಗಾಕಿಲ್ಲ ಕಣ್ಲಾ. ಡಾಕ್ಟ್ರು ಸೊಂಟಕ್ಕೆ ಪಟ್ಟಿ ಕೊಟ್ಟವ್ರೆ. ಮರಳಿಗಾದ್ರೆ ಸೊಂಟ ಇಲ್ಲ.”

“ಅಂಗಾದ್ರೆ ಹಳೇ ಸ್ಪ್ರಿಂಗೇ ಆಕಿಸ್ತೀನಿ.”

“ಬುಡ್ಲಾ, ಆಸೆಪಟ್ಟು ಕಟ್ಸಿದ್ದೀಯ. ಬಸ್ನಾಗೂ ನಮ್ಮೋರೇ ಅವ್ರೆ, ಮಾತಾಡ್ಕಂಡು ಓಯ್ತೀನಿ. ನಂಗೇನು ಬೇಜಾರಿಲ್ಲ.” ಬಸ್ಸು ಬಂತು. ಹತ್ತುವ ಮೊದಲು ತಿರುಗಿ ಕೇಳಿದ: “ಏನ್ ತಿಂದ್ಯಲಾ ಬೆಳಿಗ್ಗೆ?” ನಾನು ಬಾಯಿ ತೆರೆಯುವಷ್ಟರಲ್ಲಿ ಕಂಡಕ್ಟರು ಶಿಳ್ಳೆ ಊದಿದ.

ಅವತ್ತು ಪಾಂಡವಪುರದ ತನಕ ನಾನು ಆ ಬಸ್ಸಿನ ಹಿಂದೆಯೇ ಹೋದೆ. ಟ್ರ್ಯಾಕಿಗೆಂದು ಕಟ್ಟಿದ ಕಾರಿಗೆ ಅದನ್ನು ಹಿಂದೆ ಹಾಕುವುದು ಏನೂ ಕಷ್ಟವಿರಲಿಲ್ಲ. ಹಿಂದಿನ ಸೀಟಿನ ಗಾಜಿನಲ್ಲಿ ಬೋರಣ್ಣನ ಕೈಗಳು ಕಾಣುತ್ತಿದ್ದವು. ಅಷ್ಟಗಲ ಬಿಚ್ಚಿದರೆ ಎಮ್ಮೆಯ ಕಥೆ, ಮೇಲಕ್ಕೆತ್ತಿದರೆ ಷಡ್ಡಕನ ಕಥೆ. ಬಸ್ಸಿನ ಹೊಗೆ ಕುಡಿಯುತ್ತಾ, ಯಾವ ಕಥೆ ನಡೆಯುತ್ತಿದೆ ಎಂದು ಊಹಿಸುತ್ತಾ ಹೋದೆ. ಹಳೆಯ ಸ್ಪ್ರಿಂಗುಗಳು ಇಕ್ಬಾಲ್ ಸಾಹೇಬರ ಶೆಡ್ಡಿನ ಮೂಲೆಯಲ್ಲೇ ಬಿದ್ದಿದ್ದವು. ಹೋಗಿ ಹಾಕಿಸಿಕೊಂಡು ಬರಬೇಕೆಂದು ಪ್ರತಿ ಭಾನುವಾರ ಏಳುತ್ತಿದ್ದೆ, ಅಷ್ಟು ದೂರ ಒಬ್ಬನೇ ಹೋಗಬೇಕಲ್ಲ ಎಂದು ಮತ್ತೆ ಮಲಗುತ್ತಿದ್ದೆ.

ಆ ಬೆಳಿಗ್ಗೆ ಕಾರ್ಖಾನೆಯ ಗೇಟು ಬರುವ ಮೊದಲು, ಎಡಕ್ಕೆ ತಿರುಗಿ, “ಉಪ್ಪಿಟ್ಟು” ಎಂದೆ. ಮರಳಿನ ಮೂಟೆ “ಥೂ” ಎನ್ನಲಿಲ್ಲ.