ಬಳೆ ಒಡೆಸುವ ದೊಡ್ಡವ್ವ

ಹೋದ ಶ್ರಾವಣದಿಂದ ಈಚೆಗೆ ಸಿಂದಗಿಯ ನಮ್ಮ ಓಣಿಯಲ್ಲಿ ಒಡೆದಷ್ಟು ಬಳೆ ಇಡೀ ತಾಲೂಕಿನಲ್ಲಿ ಒಡೆದಿರಲಿಕ್ಕಿಲ್ಲ. ಒಡೆಸಿದವಳು ನನ್ನ ದೊಡ್ಡವ್ವ. ದೊಡ್ಡಪ್ಪ ತೀರಿಕೊಂಡ ಮೇಲೆ ತನ್ನ ಕೈಗೆ ಒಂದು ಬಳೆಯನ್ನೂ ಏರಿಸದ ಹೆಂಗಸಿಗೆ ಊರವರ ಬಳೆಯ ಉಸಾಬರಿ ಏಕೆ ಬೇಕಿತ್ತು?

ಕಾರಣ, ಪಕ್ಕದ ಮನೆಯ ಸೊಸೆ. ಗಂಡ ಗೌಂಡಿ ಕೆಲಸದವನು. ಮೂರನೆಯ ಹೆರಿಗೆಯಲ್ಲಿ ರಕ್ತ ಹೋಗಿ ಅವಳು ಬದುಕಿದ್ದೇ ಹೆಚ್ಚು. ಇನ್ನೊಂದು ಬಸಿರು ಬೇಡವೆಂದು ಡಾಕ್ಟರು ಹೇಳಿದ್ದರು. ಸರ್ಕಾರಿ ದವಾಖಾನೆಯಲ್ಲಿ ಮೂರು ತಿಂಗಳಿಗೊಮ್ಮೆ ಅದಕ್ಕೆ ಪುಕ್ಕಟೆ ಇಂಜೆಕ್ಷನ್ ಇತ್ತು. ಗಂಡನ ಒಪ್ಪಿಗೆಯೂ ಇತ್ತು. ಇಲ್ಲದ್ದು ಹೊಸ್ತಿಲು ದಾಟಲು ನೆಪ. ಆ ಇಂಜೆಕ್ಷನ್ ಎಂದರೆ ಅತ್ತೆಗೆ ಆಗದು ಎಂದೇ ಮನೆಯಲ್ಲಿ ಎಲ್ಲರ ನಂಬಿಕೆ.

ಆದರೆ ಮುತ್ತೈದೆ ಬರಿಗೈಯಲ್ಲಿ ಇರಬಾರದಲ್ಲ! ಬಳೆ ಇಡಿಸಿಕೊಳ್ಳಲು ಹೊರಟವಳನ್ನು ಯಾವ ಅತ್ತೆ ತಡೆದಾಳು? ಬಳೆ ಅಂಗಡಿ ಇದ್ದದ್ದು ದವಾಖಾನೆಯ ಎದುರಿಗೇ. ಇಂಜೆಕ್ಷನ್ನಿನ ದಿನ ದೊಡ್ಡವ್ವ ಹಿತ್ತಲ ಗೋಡೆಯ ಮೇಲಿಂದ ಸನ್ನೆ ಮಾಡುವಳು. ಆಚೆ ಬಟ್ಟೆ ಒಗೆಯುವ ಕಲ್ಲಿಗೆ ಸೊಸೆಯ ಕೈ ಬಡಿಯುವುದು. ಬಳೆ ಇಡಿಸುವ ನೆಪದಲ್ಲಿ ದೊಡ್ಡವ್ವನೇ ಅವಳನ್ನು ಕರೆದೊಯ್ಯುವಳು. ಸುದ್ದಿ ಓಣಿಯ ಉಳಿದ ಸೊಸೆಯಂದಿರಿಗೂ ಹಬ್ಬಿತು. ಬಳೆಗಾರ್ತಿ ದೊಡ್ಡವ್ವನಿಗೆ ಚಹಾ ತರಿಸತೊಡಗಿದಳು.

ಶಿವರಾತ್ರಿಯ ಮುಂಚೆ ಮತ್ತೆ ಬಳೆ ಒಡೆದವು. "ನಿನ್ನ ಕೈ ಏನು ಸುತ್ತಿಗೀನ?" ಎಂದು ಅತ್ತೆ ಸೊಸೆಯನ್ನು ಕೇಳಿ, ಬಳೆಗಾರ್ತಿಯನ್ನೂ ಒಂದು ಮಾತು ಕೇಳಿಯೇ ಬಿಡುತ್ತೇನೆಂದು ಸೆರಗು ಹೊದ್ದು ತಾನೂ ಹೊರಟಳು. ಸಂತೆಯ ಚೀಲ ಹಿಡಿದು ನಾನೂ ಜೊತೆಗಿದ್ದೆ. ದಾರಿಯುದ್ದಕ್ಕೂ ದೊಡ್ಡವ್ವ ಬೆಲ್ಲದ ಧಾರಣೆ ಮಾತಾಡಿದಳು. ದವಾಖಾನೆಯ ಗೇಟು ಬಂದಾಗ ಆಕಾಶ ನೋಡಿದಳು. ಗೇಟಿನಲ್ಲಿ ನಿಂತಿದ್ದ ನರ್ಸಮ್ಮ ಮಾತ್ರ ನಮ್ಮನ್ನೇ ನೋಡಿದರು.

"ಬಳಿ ಆಮ್ಯಾಲ ಇಡಿಸ್ರಿ. ಮೊದಲ ಸೂಜಿ ಮಾಡಿಸ್ಕೊಂಡು ಹೋಗ್ರಿ."

ಸೊಸೆ ಬಗಲಿನ ಕೂಸನ್ನು ಅವಚಿಕೊಂಡಳು. ದೊಡ್ಡವ್ವ ಮತ್ತೆ ಬೆಲ್ಲದ ಧಾರಣೆ ಎತ್ತಿದಳು. ಅತ್ತೆ ಸೊಸೆಯನ್ನು ನೋಡಿದಳು, ದವಾಖಾನೆಯನ್ನು ನೋಡಿದಳು, ದೊಡ್ಡವ್ವನ ಬರಿಗೈ ನೋಡಿದಳು.

"ಒಂಬತ್ತು ಹಡದೇನಿ, ಯಕ್ಕಾ. ನಾಕು ಉಳದಾವು. ನನಗ ಹಿಂಗ ಕರಕೊಂಡು ಬರಾಕ ಯಾರೂ ಇರಲಿಲ್ಲ."

ಅತ್ತೆ ಸೊಸೆಯಿಂದ ಕೂಸನ್ನು ತಾನು ಎತ್ತಿಕೊಂಡಳು.

"ಹೋಗು. ನಿಂತೀ ಯಾಕ?"

ಕಳೆದ ವಾರ ದೊಡ್ಡವ್ವನಿಗೆ ಜ್ವರವಿತ್ತು. ಸೊಸೆಯನ್ನು ಅತ್ತೆಯೇ ದವಾಖಾನೆಗೆ ಕರೆದೊಯ್ದಳು. ಬರುವಾಗ ಬಳೆಗಾರ್ತಿಯನ್ನು ನಮ್ಮ ಮನೆಗೆ ಕರೆತಂದು, ದೊಡ್ಡವ್ವನ ಕೈ ಎಳೆದು ಮುಂದೆ ಹಿಡಿದಳು. ಹಸಿರು ಬಳೆ, ಕೈಗೆ ಆರಾರು.

ಇನ್ನೂ ಒಂದೂ ಒಡೆದಿಲ್ಲ.